ಲುತ್ಸಾ ಕುರ್ಚಿಯಲ್ಲಿ ಯಾರು ಕೂರಬೇಕು? ಹಂಗೇರಿಯ ಮಾಟಗಾತಿಯರು ಮತ್ತು ಇವತ್ತಿನ ಕಲೆ

ಮಸಿಬಟ್ಟಲು

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಯುರೋಪಿನ ಕಲಾ ಪ್ರದರ್ಶನಗಳಲ್ಲಿ ಮಾಟಗಾತಿಯರು ಜಾಸ್ತಿ ಕಾಣಿಸುತ್ತಿದ್ದಾರೆ. 2022ರ ವೆನಿಸ್ ಬಿಯೆನಾಲೆಯಲ್ಲಿ ‘ಮಾಟಗಾತಿಯ ತೊಟ್ಟಿಲು’ ಅನ್ನುವ ಹೆಸರಿನ ಒಂದು ವಿಭಾಗವೇ ಇತ್ತು. ಕಾಡು, ಬೇರು ನಾರು, ಬಿಚ್ಚಿದ ಕೂದಲು, ಯಾರ ಮಾತಿಗೂ ಬಗ್ಗದ ಹೆಣ್ಣು. ಈ ಚಿತ್ರ ಈಗ ಎಲ್ಲರಿಗೂ ಗೊತ್ತು, ನನಗೂ ಇಷ್ಟ. ಆದರೆ ಹಂಗೇರಿಯ ಜನಪದ ನಂಬಿಕೆಗಳನ್ನು ಓದುತ್ತಾ ಹೋದ ಹಾಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಅದನ್ನು ಇಲ್ಲಿ ಇಡುತ್ತೇನೆ.

ಹಂಗೇರಿಯಲ್ಲಿ ಡಿಸೆಂಬರ್ 13 ಲುತ್ಸಾ ದಿನ, ಅಂದರೆ ಸಂತ ಲೂಸಿಯ ದಿನ. 16ನೇ ಶತಮಾನದಲ್ಲಿ ಕ್ಯಾಲೆಂಡರ್ ಬದಲಾಗುವ ಮೊದಲು ಅದು ವರ್ಷದ ಅತಿ ಉದ್ದದ ರಾತ್ರಿಯ ಹತ್ತಿರ ಬೀಳುತ್ತಿತ್ತು. ಅವತ್ತು ಮಾಟಗಾತಿಯರ ಕೈ ಮೇಲು ಅಂತ ನಂಬಿಕೆ. ಹೆಂಗಸರು ನೂಲು ತೆಗೆಯಬಾರದು. ಕೊಟ್ಟಿಗೆಯ ಬಾಗಿಲ ಮೇಲೆ ಬೆಳ್ಳುಳ್ಳಿಯಿಂದ ಶಿಲುಬೆ ಬರೆಯಬೇಕು. ಪೊರಕೆ ಹೊರಗೆ ಬಿಡಬಾರದು, ಬಿಟ್ಟರೆ ಅವರು ಹತ್ತಿಕೊಂಡು ಹೋಗುತ್ತಾರೆ.

ಅದೇ ದಿನ ಊರಿನ ಒಬ್ಬ ಗಂಡಸು ಒಂದು ಪುಟ್ಟ ಕುರ್ಚಿ ಮಾಡಲು ಕೂರುತ್ತಾನೆ. ಒಂದು ದಿನಕ್ಕೆ ಒಂದು ಚೂರು ಕೆಲಸ ಮಾತ್ರ. ಅವತ್ತು ಕಾಲು ಕೆತ್ತಿದರೆ ಅಲ್ಲಿಗೆ ಮುಗಿಯಿತು, ಉಳಿದದ್ದು ನಾಳೆಗೆ. ಮರವೂ ಒಂದೇ ಬಗೆಯದಲ್ಲ. ಪಿಯರ್, ಮೇಪಲ್, ಜುನಿಪರ್, ಗುಲಾಬಿ ಗಿಡದ ಕಾಂಡ, ಹೀಗೆ ಏಳೋ ಒಂಬತ್ತೋ ಹದಿಮೂರೋ ಬಗೆ ಸೇರಬೇಕು. ಕ್ರಿಸ್‌ಮಸ್ ಹಿಂದಿನ ಸಂಜೆ ಅದು ಸಿದ್ಧ. ತಡವಾಗುವ ಕೆಲಸ ಕಂಡರೆ ‘ಲುತ್ಸಾ ಕುರ್ಚಿಯ ಹಾಗೆ ಸಾಗ್ತಿದೆ’ ಅಂತ ಅಲ್ಲಿನವರು ಇವತ್ತಿಗೂ ಹೇಳುತ್ತಾರೆ. ಮಧ್ಯರಾತ್ರಿಯ ಪೂಜೆಗೆ ಅದನ್ನು ಚರ್ಚಿಗೆ ಒಯ್ದು, ಅದರ ಮೇಲೆ ಕೂತರೆ ಅಥವಾ ನಿಂತರೆ, ಊರಿನ ಮಾಟಗಾತಿಯರು ಯಾರು ಅಂತ ಕಾಣಿಸುತ್ತದೆ. ಅವರ ತಲೆಯ ಮೇಲೆ ಕೊಂಬು ಇರುತ್ತದೆ. ಅವರಿಗೆ ಇವನು ಗೊತ್ತಾದರೆ ಸೀಳಿ ಹಾಕುತ್ತಾರೆ. ಆಗ ಮನೆಗೆ ಓಡಬೇಕು. ಓಡುತ್ತಾ ಹಿಂದೆ ಗಸಗಸೆ ಚೆಲ್ಲಬೇಕು. ಬಿದ್ದ ಕಾಳನ್ನೆಲ್ಲ ಒಂದೊಂದಾಗಿ ಹೆಕ್ಕದೆ ಅವರು ಮುಂದೆ ಬರುವ ಹಾಗಿಲ್ಲ. ಮನೆ ಮುಟ್ಟಿದ ಮೇಲೆ ಕುರ್ಚಿಯನ್ನು ಬೆಂಕಿಗೆ ಹಾಕಬೇಕು.

ಇನ್‌ಸ್ಟಲೇಶನ್, ಅಂದರೆ ವಸ್ತುಗಳನ್ನು ಒಂದು ಜಾಗದಲ್ಲಿ ಜೋಡಿಸಿ ಕಲಾಕೃತಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಗುತ್ತೆ ಹೇಳಿ? ಮರ ಇದೆ, ದಿನಗಳ ಲೆಕ್ಕ ಇದೆ, ಕಾಳು ಇದೆ, ಬೆಂಕಿ ಇದೆ. ಆದರೆ ಒಂದು ಸಂಗತಿ ನೋಡಿ. ಆ ಕುರ್ಚಿಯಲ್ಲಿ ಕೂರುವವನು ಪಕ್ಕದ ಮನೆಯವಳ ಮೇಲೆ ಬೆರಳು ತೋರಿಸಲು ಕೂತಿದ್ದಾನೆ. ಆರೋಪ ಹೊರಿಸುವುದಕ್ಕೆಂದೇ ಮಾಡಿದ ಆಸನ ಅದು. ಇವತ್ತಿನ ಪ್ರದರ್ಶನಗಳು ನಮಗೆ ಯಾವಾಗಲೂ ಮಾಟಗಾತಿಯ ಪಾತ್ರ ಕೊಡುತ್ತವೆ. ನಾವು ಖುಷಿಯಿಂದ ಅದನ್ನು ತೊಟ್ಟುಕೊಳ್ಳುತ್ತೇವೆ. ಬೆರಳು ತೋರಿಸಿದವನ ಪಾತ್ರ ಯಾರಿಗೆ? ಅದನ್ನು ನಮ್ಮ ಕೈಗೆ ಕೊಡುವ ಕಲಾಕೃತಿ ನಿಮಗೆ ಗೊತ್ತಿದ್ದರೆ ತಿಳಿಸಿ. ಗೊತ್ತಿಲ್ಲದಿದ್ದರೂ ಮಾತಾಡೋಣ.

ತಿಸಾದಂಡೆ

ನಾನು ಸೆಗೆದ್ ಊರಿನ ಲೇಸರ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಈ ಊರಿನ ಹೆಸರು ಬರದೆ ಈ ಚರ್ಚೆ ಮುಂದೆ ಹೋಗಬಾರದು ಅನ್ನಿಸಿತು.

ಇಲ್ಲಿ ತಿಸಾ ನದಿಯ ಪಕ್ಕದಲ್ಲಿ ಒಂದು ಜಾಗಕ್ಕೆ ‘ಮಾಟಗಾತಿ ದ್ವೀಪ’ ಅಂತ ಹೆಸರು. ಹೆಸರು ಕೇಳಿದರೆ ಮಕ್ಕಳ ಕಥೆ ನೆನಪಾಗಬಹುದು. 1728ರ ಜುಲೈ 23ರಂದು ಅಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ಚಿತೆಯ ಮೇಲೆ ಸುಟ್ಟರು. ಹಂಗೇರಿಯ ಇತಿಹಾಸದಲ್ಲೇ ದೊಡ್ಡ ಮಾಟಗಾತಿ ವಿಚಾರಣೆಗಳಲ್ಲಿ ಅದೂ ಒಂದು. ಅದಕ್ಕೆ ಮೊದಲು ಮಳೆ ಕೈ ಕೊಟ್ಟಿತ್ತು, ಬೆಳೆ ಒಣಗಿತ್ತು. ಇವರು ಮಳೆಯನ್ನು ತುರ್ಕರಿಗೆ ಮಾರಿದ್ದಾರೆ ಅನ್ನುವುದು ಆರೋಪಗಳಲ್ಲಿ ಒಂದು. ಮಳೆ ಮಾರುವುದು! ಓದಿದಾಗ ಮೈ ಜುಂ ಅಂತು. ನೀರಿಗೆ ಹಾಕಿ ತೇಲುತ್ತಾರಾ ಅಂತ ನೋಡಿದರು. ತಕ್ಕಡಿಯಲ್ಲಿ ತೂಗಿದರು. ಹಿಂಸೆ ಕೊಟ್ಟು ಬಾಯಿ ಬಿಡಿಸಿದರು.

ಸತ್ತವರಲ್ಲಿ ಹೆಂಗಸರೂ ಇದ್ದರು, ಗಂಡಸರೂ ಇದ್ದರು. ಅವರಲ್ಲಿ ಎಲ್ಲರಿಗಿಂತ ಹೆಸರಾದವನು ದಾನಿಯೆಲ್ ರೋಝಾ. ಎಂಬತ್ತು ದಾಟಿದ ಮುದುಕ. ಮೊದಲು ಇದೇ ಊರಿನ ನ್ಯಾಯಾಧೀಶನಾಗಿದ್ದವನು, ಹಣವಂತ. ಕಾಡಿನಲ್ಲಿ ಒಂಟಿಯಾಗಿ ಬದುಕಿದ ಬಂಡಾಯದ ಹೆಣ್ಣು ಅನ್ನುವ ಇವತ್ತಿನ ಚಿತ್ರಕ್ಕೆ ಈ ಮುದುಕ ಎಲ್ಲಿ ಹೊಂದುತ್ತಾನೆ? ಹೊಂದುವುದಿಲ್ಲ ಅಂತ ಅವನನ್ನು ಬಿಟ್ಟುಬಿಡುತ್ತೇವೆ. ಮಸಿಬಟ್ಟಲು ಅವರ ಪ್ರಶ್ನೆ ನನಗೆ ಇಲ್ಲಿಂದಲೇ ಶುರುವಾಗುತ್ತದೆ.

ಹೂಬಳ್ಳಿ

ಪ್ರಶ್ನೆ ಒಳ್ಳೆಯದು. ಆದರೆ ಅದರೊಳಗೆ ಒಂದು ತೀರ್ಪು ಅಡಗಿದೆ. ಅದನ್ನು ನಾನು ಒಪ್ಪುವುದಿಲ್ಲ. ಮಾಟಗಾತಿ ಅನ್ನುವ ಹೆಸರನ್ನು ಕಲಾವಿದೆಯರು ತಾವಾಗಿ ಎತ್ತಿಕೊಂಡದ್ದು ಸುಮ್ನೆ ಫ್ಯಾಷನ್‌ಗೋಸ್ಕರ ಅಲ್ಲ.

ಹಂಗೇರಿಯವರ ಉದಾಹರಣೆಯನ್ನೇ ಕೊಡುತ್ತೇನೆ. ಕಾತಿ ಹೋರ್ನಾ 1912ರಲ್ಲಿ ಹಂಗೇರಿಯ ಯಹೂದಿ ಮನೆತನದಲ್ಲಿ ಹುಟ್ಟಿದರು. ಬುಡಾಪೆಸ್ಟ್‌ನಲ್ಲಿ ಫೋಟೋಗ್ರಫಿ ಕಲಿತರು. ಸ್ಪೇನಿನ ಅಂತರ್ಯುದ್ಧಕ್ಕೆ ಕ್ಯಾಮೆರಾ ಹಿಡಿದು ಹೋದರು. ಎಲ್ಲರೂ ಸೈನಿಕರ ಹಿಂದೆ ಓಡುವಾಗ ಇವರು ಹೆಚ್ಚಾಗಿ ತಾಯಂದಿರ, ಮುದುಕರ, ಬಾಂಬ್ ಬಿದ್ದ ಮನೆಗಳ ಚಿತ್ರ ತೆಗೆದರು. 1939ರಲ್ಲಿ ಮೆಕ್ಸಿಕೋ ಸೇರಿದರು. ಅಲ್ಲಿ ಇಬ್ಬರು ಚಿತ್ರಕಲಾವಿದೆಯರ, ಇಂಗ್ಲೆಂಡಿನ ಲಿಯೊನೋರಾ ಕ್ಯಾರಿಂಗ್ಟನ್ ಮತ್ತು ಸ್ಪೇನಿನ ರೆಮೆದಿಯೋಸ್ ವಾರೋ ಜೊತೆ ಗೆಳೆತನವಾಯಿತು. ಮೂವರೂ ಯುರೋಪಿನ ಯುದ್ಧದಿಂದ ತಪ್ಪಿಸಿಕೊಂಡು ಬಂದವರು. ಮೂವರನ್ನೂ ಸೇರಿಸಿ ‘ಮೂರು ಮಾಟಗಾತಿಯರು’ ಅಂತ ಕರೆದರು. ಕ್ಯಾರಿಂಗ್ಟನ್ ಮದುವೆಯಾಗಿದ್ದೂ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಫೋಟೋಗ್ರಾಫರ್ ಚಿಕಿ ವೈಸ್ ಅವರನ್ನು. 1946ರ ಆ ಮದುವೆಯ ಫೋಟೋ ತೆಗೆದದ್ದು ಕಾತಿ.

1962ರಲ್ಲಿ ಕಾತಿ ಒಂದು ಪತ್ರಿಕೆಗೆ ಮಾಡಿದ ಚಿತ್ರಸರಣಿ ನೋಡಿ. ಕೆದರಿದ ಹಾಸಿಗೆ, ದಿಂಬಿನ ಮೇಲೆ ಒಂದು ಬಿಳಿ ಮುಖವಾಡ, ಅದರ ಪಕ್ಕ ಕಪ್ಪು ಬಟ್ಟೆ ಹೊದ್ದ ಹೆಂಗಸು. ಆ ಹೆಂಗಸು ಕ್ಯಾರಿಂಗ್ಟನ್. ಅಲ್ಲಿ ಕೊಂಬಿಲ್ಲ, ಪೊರಕೆ ಇಲ್ಲ. ಸಾವಿನ ಜೊತೆ ಒಂದು ಕೋಣೆಯಲ್ಲಿ ಕೂರುವ ಧೈರ್ಯ ಇದೆ. ಊರು, ಭಾಷೆ, ಬಂಧುಗಳನ್ನು ಕಳೆದುಕೊಂಡ ಮೇಲೂ ನನ್ನ ಹತ್ತಿರ ಒಂದು ಶಕ್ತಿ ಉಳಿದಿದೆ ಅಂತ ಹೇಳುವುದಕ್ಕೆ ಅವರಿಗೆ ಮಾಟಗಾತಿ ಬೇಕಾಗಿದ್ದಳು. ಅದನ್ನು ಬರೀ ವೇಷ ಅನ್ನಬೇಡಿ.

ದಾಖಲೆಕೋಣೆ

ಹೋರ್ನಾ ಅವರ ಬಗ್ಗೆ ಹೂಬಳ್ಳಿ ಬರೆದದ್ದು ಚೆನ್ನಾಗಿದೆ. ಆದರೆ ಅವರ ಮಾಟಗಾತಿಗೆ ಮೆಕ್ಸಿಕೋದ ಸಾವಿನ ಹಬ್ಬವೂ, ಕನಸಿನ ಲೋಕವನ್ನು ಚಿತ್ರಿಸುವ ಸರ್ರಿಯಲಿಸಂ ಕೂಡ ಜಾಸ್ತಿ ಹತ್ತಿರ. ಹಂಗೇರಿಯ ಹಳ್ಳಿಯ ನಂಬಿಕೆ ಅಲ್ಲಿ ಬಹಳ ದೂರದಲ್ಲಿದೆ. ಆ ನಂಬಿಕೆಯ ಬಗ್ಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ಬೇರೆ ಬೇರೆ ಮಾಟಗಾತಿಯರನ್ನು ನಾವು ಒಂದೇ ಮಾಡಿಕೊಂಡಿದ್ದೇವೆ.

ಒಬ್ಬಳು ಕಥೆಯವಳು. ಹಂಗೇರಿಯ ಅಜ್ಜಿಕಥೆಗಳಲ್ಲಿ ಅವಳಿಗೆ ಕಬ್ಬಿಣದ ಮೂಗು. ಕಾಡಿನಾಚೆ ಇರುತ್ತಾಳೆ, ಕೊನೆಯಲ್ಲಿ ನಾಯಕನ ಕೈಯಲ್ಲಿ ಸೋಲುತ್ತಾಳೆ. ಅವಳನ್ನು ಯಾರೂ ಕೋರ್ಟಿಗೆ ಎಳೆದಿಲ್ಲ. ಇನ್ನೊಬ್ಬಳು ನಂಬಿಕೆಯವಳು. ಅವಳು ಪಕ್ಕದ ಮನೆಯಲ್ಲೇ ಇದ್ದಾಳೆ. ಅವಳಿಗೊಂದು ಹೆಸರಿದೆ. ನಿನ್ನೆ ನಿಮ್ಮ ಮನೆಗೆ ಹಿಟ್ಟು ಕೇಳಿಕೊಂಡು ಬಂದಿದ್ದಳು, ನೀವು ಕೊಡಲಿಲ್ಲ, ಇವತ್ತು ಹಸು ಹಾಲು ಕೊಡುವುದನ್ನು ನಿಲ್ಲಿಸಿತು. ಎವಾ ಪೋಚ್, ಗಾಬೋರ್ ಕ್ಲಾನಿತ್ಸೈ ಮುಂತಾದ ವಿದ್ವಾಂಸರು ವಿಚಾರಣೆಯ ಕಾಗದಗಳನ್ನು ದಶಕಗಟ್ಟಲೆ ಓದಿದ್ದಾರೆ. ಅವರ ಬರಹದಲ್ಲಿ ಎದ್ದು ಕಾಣುವುದು ಇದೇ. ನೆರೆಹೊರೆಯ ಜಗಳ, ಬಾಣಂತಿಗೆ ಬಂದ ಕಾಯಿಲೆ, ಸತ್ತ ಕೂಸು. ಸೂಲಗಿತ್ತಿಯರು ಮತ್ತು ನಾಟಿ ಮದ್ದು ಕೊಡುವವರು ಮತ್ತೆ ಮತ್ತೆ ಆರೋಪಕ್ಕೆ ಸಿಕ್ಕಿದ್ದಾರೆ. ಒಬ್ಬ ಸೂಲಗಿತ್ತಿಯ ಮೇಲೆ ಇನ್ನೊಬ್ಬ ಸೂಲಗಿತ್ತಿಯೇ ಸಾಕ್ಷಿ ಹೇಳಿದ್ದೂ ಉಂಟು.

ಇನ್ನೊಂದು ಬಗೆಯ ಜನವೂ ಈ ಬಲೆಗೆ ಬಿದ್ದರು. ಹಂಗೇರಿಯವರು ಅವರನ್ನು ತಾಲ್ತೋಷ್ ಅನ್ನುತ್ತಾರೆ. ಹುಟ್ಟುವಾಗಲೇ ಹಲ್ಲು ಇರುವವರು, ಇಲ್ಲವೇ ಆರು ಬೆರಳಿನವರು. ಅವರು ಗೂಳಿಯ ರೂಪ ತಾಳಿ ಇನ್ನೊಬ್ಬ ತಾಲ್ತೋಷ್ ಜೊತೆ ಗುದ್ದಾಡುತ್ತಾರೆ, ಆಗ ಮಳೆಗಾಳಿ ಏಳುತ್ತದೆ. ಮನೆ ಮನೆಗೆ ಬಂದು ಹಾಲು ಕೇಳುತ್ತಾರೆ. ಊರಿಗೆ ಇವರಿಂದ ಒಳ್ಳೆಯದಾಗುತ್ತೆ ಅಂತಲೇ ಜನ ನಂಬಿದ್ದರು. ಆದರೂ ಕೋರ್ಟಿನ ಮುಂದೆ ಇವರಲ್ಲಿ ಕೆಲವರು ಮಾಟದ ಆರೋಪ ಹೊತ್ತು ನಿಲ್ಲಬೇಕಾಯಿತು.

ಕಾಡುಮಲ್ಲಿಗೆ

ಆದರೆ ಹಂಗೇರಿಯ ಒಬ್ಬ ರಾಜ 1100ರ ಹೊತ್ತಿಗೇ ‘ಮಾಟಗಾತಿಯರೇ ಇಲ್ಲ, ಹಾಗಾಗಿ ವಿಚಾರಣೆ ಬೇಡ’ ಅಂತ ಕಾನೂನು ಮಾಡಿದ್ದನಂತಲ್ಲ? ಅಷ್ಟು ಮುಂದಿದ್ದ ದೇಶದಲ್ಲಿ 1728 ಹೇಗೆ ಆಯಿತು?

ದಾಖಲೆಕೋಣೆ

ಆ ರಾಜ ಕಾಲ್ಮಾನ್. ಆಳಿದ್ದು 1095ರಿಂದ 1116ರ ತನಕ. ‘ಸ್ಟ್ರಿಗಾಗಳು ಇಲ್ಲದಿರುವುದರಿಂದ ಅವರ ಬಗ್ಗೆ ವಿಚಾರಣೆ ಬೇಡ’ ಅನ್ನುವ ಮಾತು ನಿಜವಾಗಿಯೂ ಇದೆ. ಅದನ್ನು ಎಲ್ಲ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅದು ರಾತ್ರಿ ರೂಪ ಬದಲಿಸಿ ಹಾರಾಡುವ ಜೀವಿಗಳ ಬಗ್ಗೆ. ಮಾಟ ಮಾಡಿ ಕೇಡು ಮಾಡುವವರನ್ನು ವಿಚಾರಿಸಿ ಅಂತ ಅದೇ ಕಾನೂನುಗಳಲ್ಲಿ ಬೇರೆ ಕಡೆ ಹೇಳಿದೆ. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅದನ್ನು ಮುಚ್ಚಿದ್ದು 18ನೇ ಶತಮಾನದ ರಾಣಿ ಮರಿಯಾ ತೆರೇಸಾ. 1750ರ ದಶಕದಿಂದ ಇಂಥ ಪ್ರಕರಣಗಳನ್ನು ತನ್ನ ಮುಂದೆ ತರಬೇಕು ಅಂತ ಆಕೆ ಆಜ್ಞೆ ಮಾಡಿದಳು. ಆಕೆಯ ವೈದ್ಯ ವಾನ್ ಸ್ವೀಟನ್ ಇದರ ವಿರುದ್ಧ ಬರೆದ. 1768ರ ಹೊತ್ತಿಗೆ ವಿಚಾರಣೆಗಳಿಗೆ ತಡೆ ಬಿತ್ತು.

ಗೆರೆಬಣ್ಣ

ನಾನು ಅನಿಮೇಶನ್ ಮಾಡುವವನು. ಕಥೆಯ ಮಾಟಗಾತಿ ಮತ್ತು ನೆರೆಮನೆಯ ಮಾಟಗಾತಿ ಬೇರೆ ಅನ್ನುವ ಮಾತು ನನಗೆ ತುಂಬಾ ಉಪಯೋಗವಾಯಿತು. ನಮ್ಮ ಕ್ಷೇತ್ರದಲ್ಲಿ ಹಂಗೇರಿಯ ಹೆಸರು ದೊಡ್ಡದು. ಅದಕ್ಕೆ ಕಾರಣ ಮೊದಲನೆಯವಳ ಲೋಕ.

ಮಾರ್ಸೆಲ್ ಯಾಂಕೋವಿಚ್ ಅವರ 1981ರ ‘ಫೆಹೇರ್ಲೋಫಿಯಾ’ ನೋಡದಿದ್ದವರು ದಯವಿಟ್ಟು ನೋಡಿ. ಬಿಳಿ ಕುದುರೆಯ ಮಗನ ಕಥೆ. ಅವನು ಪಾತಾಳಕ್ಕೆ ಇಳಿದು ಮೂರು ತಲೆ, ಏಳು ತಲೆ, ಹನ್ನೆರಡು ತಲೆಯ ಡ್ರ್ಯಾಗನ್‌ಗಳನ್ನು ಸೋಲಿಸುತ್ತಾನೆ. ಕಥೆ ಹಳೆಯದು. ಆದರೆ ಮೊದಲನೆಯ ಡ್ರ್ಯಾಗನ್ ಕಲ್ಲಿನ ರಾಶಿಯ ಹಾಗಿದೆ. ಎರಡನೆಯದು ಯುದ್ಧಟ್ಯಾಂಕಿನ ಹಾಗೆ. ಮೂರನೆಯದು ಗಗನಚುಂಬಿ ಕಟ್ಟಡಗಳ ನಗರ! ಜನಪದವನ್ನು ಇವತ್ತಿಗೆ ತರುವುದು ಅಂದರೆ ನನಗೆ ಇದು. ಆ ಚಿತ್ರದಲ್ಲಿ ಆಕಾರಗಳಿಗೆ ಕಪ್ಪು ಹೊರಗೆರೆ ಇಲ್ಲ. ಬಣ್ಣವೇ ಬಣ್ಣಕ್ಕೆ ಅಂಚು. ಒಂದು ರೂಪ ಇನ್ನೊಂದಕ್ಕೆ ಕರಗುತ್ತದೆ. ರೂಪ ಬದಲಿಸುವ ಜೀವಿಗಳ ಕಥೆಗೆ ಅದೇ ಸರಿಯಾದ ವ್ಯಾಕರಣ ಅಂತ ನನ್ನ ಅನಿಸಿಕೆ. ಪಾತಾಳದಿಂದ ಮೇಲೆ ಬರುವಾಗ ಹೊತ್ತು ತರುವ ಗ್ರಿಫಿನ್ ಹಕ್ಕಿಗೆ ನಾಯಕ ತನ್ನ ಕಾಲನ್ನೇ ಕಡಿದು ತಿನ್ನಿಸುವ ದೃಶ್ಯ ಇದೆ. ಎಷ್ಟು ಸಲ ನೋಡಿದರೂ ಕಣ್ಣು ಕೀಳಲು ಆಗುವುದಿಲ್ಲ. ಈಚೆಗೆ ಈ ಚಿತ್ರವನ್ನು ಹೊಸದಾಗಿ ಶುದ್ಧ ಮಾಡಿ ಮತ್ತೆ ಬಿಡುಗಡೆ ಮಾಡಿದ್ದಾರೆ.

ಇದರ ಜೊತೆಗೆ ಕೆಚ್ಕೆಮೇತ್ ಸ್ಟುಡಿಯೋದಲ್ಲಿ ಮಾಡಿದ ಹಂಗೇರಿ ಜನಪದ ಕಥೆಗಳ ಟಿವಿ ಸರಣಿ ಇದೆ. 1970ರ ದಶಕದ ಕೊನೆಯಲ್ಲಿ ಕೆಲಸ ಶುರುವಾಗಿ 2012ರ ಹೊತ್ತಿಗೆ 100 ಕಂತು ಆಯಿತು. ಕಥೆ ಯಾವ ಸೀಮೆಯದೋ ಆ ಸೀಮೆಯ ಕಸೂತಿ, ಪೆಟ್ಟಿಗೆಯ ಮೇಲಿನ ಚಿತ್ತಾರ ನೋಡಿ ಪಾತ್ರಗಳನ್ನು ಬರೆದಿದ್ದಾರೆ. ಮಾಟಗಾತಿಯ ಸೆರಗಿನ ಹೂವಿಗೂ ಒಂದು ಊರು ಇದೆ.

ಮಸಿಬಟ್ಟಲು

ಗೆರೆಬಣ್ಣ ಹೇಳಿದ ಡ್ರ್ಯಾಗನ್ ವಿಷಯ ನನ್ನ ಪ್ರಶ್ನೆಗೆ ಒಂದು ದಾರಿ ತೋರಿಸಿತು. ಯಾಂಕೋವಿಚ್ ಡ್ರ್ಯಾಗನ್‌ಗೆ ಹೊಸ ಬಟ್ಟೆ ತೊಡಿಸಲಿಲ್ಲ. ಆ ಕಾಲದವರಿಗೆ ಏನು ಕಂಡರೆ ಭಯವಿತ್ತೋ ಅದನ್ನೇ ಡ್ರ್ಯಾಗನ್ ಮಾಡಿದರು. ಮಾಟಗಾತಿಯ ವಿಷಯದಲ್ಲೂ ಹಾಗೆ ಕೇಳಬಹುದು. ಇವತ್ತು ಮಳೆ ಬಾರದಿದ್ದರೆ, ಕೆಲಸ ಸಿಗದಿದ್ದರೆ, ಮಗು ಕಾಯಿಲೆ ಬಿದ್ದರೆ ನಾವು ಯಾರತ್ತ ತಿರುಗುತ್ತೇವೆ? ಆ ಮುಖಗಳನ್ನು ತೋರಿಸುವ ಕಲೆ ನನಗೆ ಬೇಕು.

ದೂರದೂರು

ದುಬೈನಿಂದ ಓದುತ್ತಿದ್ದೇನೆ. ಚರ್ಚೆಗೆ ಚಿಕ್ಕದೊಂದು ಸೇರಿಸುತ್ತೇನೆ. ಇಲ್ಲಿ ಗಸಗಸೆ ತರುವುದು ಕಾನೂನಿಗೆ ವಿರುದ್ಧ. ಗಸಗಸೆ ಪಾಯಸ ಬೇಕಾದರೆ ಊರಿಗೇ ಹೋಗಬೇಕು. ಹಾಗಾಗಿ ಗಸಗಸೆ ಚೆಲ್ಲಿ ಮಾಟಗಾತಿಯನ್ನು ತಡೆಯುವ ಕಥೆ ಓದಿ ಬಹಳ ಹೊತ್ತು ಯೋಚಿಸಿದೆ. ಹಂಗೇರಿಯವರು ಗಸಗಸೆ ತಿನ್ನುತ್ತಾರಾ?

ತಿಸಾದಂಡೆ

ತುಂಬಾ ತಿನ್ನುತ್ತಾರೆ. ಕ್ರಿಸ್‌ಮಸ್ ಬಂದರೆ ಪ್ರತಿ ಮನೆಯಲ್ಲೂ ಗಸಗಸೆ ತುಂಬಿದ ಸುರುಳಿ ರೊಟ್ಟಿ ಇರಲೇಬೇಕು. ಬ್ರೆಡ್ಡು, ಹಾಲು, ಗಸಗಸೆ ಸೇರಿಸಿ ಮಾಡುವ ಒಂದು ಸಿಹಿಯೂ ಇದೆ. ಇಲ್ಲಿಯ ಕನ್ನಡಿಗರಿಗೆ ಅದು ಬೇಗ ಒಗ್ಗುತ್ತದೆ. ಕಾಳು ಸಣ್ಣದು, ಎಣಿಸಲು ಆಗುವುದಿಲ್ಲ. ಓಡುವವನಿಗೆ ಅದರಿಂದ ಹೊತ್ತು ಸಿಗುತ್ತದೆ.

ಲುತ್ಸಾ ದಿನದ ಇನ್ನೊಂದು ಆಚರಣೆ ಬಗ್ಗೆ ಯಾರೂ ಹೇಳಲಿಲ್ಲ. ಮನೆಯ ಒಬ್ಬೊಬ್ಬರ ಹೆಸರಲ್ಲೂ ಒಂದೊಂದು ಬಿಸ್ಕತ್ತಿನಂಥ ರೊಟ್ಟಿ ಮಾಡಿ, ಅದಕ್ಕೆ ಒಂದು ಗರಿ ಸಿಕ್ಕಿಸಿ ಒಲೆಗೆ ಇಡುತ್ತಾರೆ. ಯಾರ ಗರಿ ಸುಟ್ಟಿತೋ ಅವರು ಮುಂದಿನ ವರ್ಷ ಉಳಿಯುವುದಿಲ್ಲ ಅಂತ ನಂಬಿಕೆ. ಅವತ್ತೇ ಬಟ್ಟಲಲ್ಲಿ ಗೋಧಿ ಮೊಳಕೆ ಹಾಕುತ್ತಾರೆ, ಕ್ರಿಸ್‌ಮಸ್‌ಗೆ ಹಸಿರಾಗುತ್ತದೆ. ಗೋಧಿಯದು ಇವತ್ತಿಗೂ ಬಹಳ ಮನೆಗಳಲ್ಲಿ ಉಳಿದಿದೆ.

ಕಲ್ಲುಬೆಂಚು

ಎಲ್ಲರೂ ಕಥೆಯ ವಿಷಯ ಮಾತಾಡುತ್ತಿದ್ದೀರಿ. ನಾನು ಚಿತ್ರಕಲೆಯ ಕಡೆಯಿಂದ ಒಂದು ಮಾತು ಹೇಳಲೇಬೇಕು. ಜನಪದವನ್ನು ಆಧುನಿಕ ಕಲೆಗೆ ತರುವ ದಾರಿಯನ್ನು ಹಂಗೇರಿಯವರು 1930ರ ದಶಕದಲ್ಲೇ ಹುಡುಕಿದ್ದರು. ಸಂಗೀತಗಾರರಾದ ಬಾರ್ತೋಕ್ ಮತ್ತು ಕೋದಾಯ್ ಹಳ್ಳಿ ಹಳ್ಳಿ ತಿರುಗಿ ಹಾಡು ಕೂಡಿಹಾಕಿದ ಹಾಗೆ ಲಾಯೋಷ್ ವಾಯ್ದಾ ಮತ್ತು ದೆಝೊ ಕೋರ್ನಿಶ್ ಅನ್ನುವ ಇಬ್ಬರು ಯುವಕರು ಸೆಂತೆಂದ್ರೆ ಊರಲ್ಲಿ, ಹತ್ತಿರದ ಸಿಗೆತ್‌ಮೊನೊಷ್ತೋರ್ ಹಳ್ಳಿಯಲ್ಲಿ ನಡೆದಾಡಿ ಚಿತ್ರ ಬರೆದುಕೊಂಡರು. ಮನೆಯ ಮುಂಗೋಡೆ, ಕಿಟಕಿಯ ಸರಳು, ಸಮಾಧಿಯ ಗುರುತು. ವಾಯ್ದಾ ಆ ಗೆರೆಗಳನ್ನು ಒಂದರ ಮೇಲೊಂದು ಹಾಕಿದರು. ಮನೆಯೊಳಗೆ ಮುಖ, ಮುಖದೊಳಗೆ ಶಿಲುಬೆ. 1941ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ 33 ವರ್ಷ. ಅವರ ಕೊನೆಯ ವರ್ಷಗಳ ಇದ್ದಿಲಿನ ಚಿತ್ರಗಳನ್ನು ನೋಡಿದರೆ ಅಲ್ಲಿ ಒಂದೇ ಒಂದು ಮಾಟಗಾತಿ ಇಲ್ಲ. ಆದರೂ ಲುತ್ಸಾ ರಾತ್ರಿಯ ಭಯ ಪೂರ್ತಿ ಅಲ್ಲಿದೆ.

ಆಮೇಲೆ ಇಲೋನಾ ಕೆಶೆರು. 1933ರಲ್ಲಿ ಹುಟ್ಟಿದವರು. ಬಾಲತೋನ್ ಸರೋವರದ ದಡದ ಬಾಲತೋನುದ್ವಾರಿ ಹಳ್ಳಿಯ ಸ್ಮಶಾನದಲ್ಲಿ ಹೃದಯದ ಆಕಾರದ ಹಳೆಯ ಸಮಾಧಿ ಕಲ್ಲುಗಳಿವೆ. 1960ರ ದಶಕದಲ್ಲಿ ಕೆಶೆರು ಆ ಒಂದು ಬಾಗಿದ ಗೆರೆಯನ್ನು ಹಿಡಿದರು. ಆಮೇಲೆ ಜೀವನವಿಡೀ ಅದನ್ನು ಬಿಡಲಿಲ್ಲ. ಗುಲಾಬಿ, ಕಿತ್ತಳೆ, ಕೆಂಪು ಪಟ್ಟೆಗಳಲ್ಲಿ, ಹೊಲಿದ ಬಟ್ಟೆಯಲ್ಲಿ ಅದೇ ಗೆರೆ ಅಲೆಯಾಗಿ ಬರುತ್ತದೆ. ಸಾವಿನ ಕಲ್ಲು ಜೀವಂತ ಮೈಯಾಗುತ್ತದೆ.

ಒಂದು ಹಳ್ಳಿಗೆ ಹೋಗಿ, ಒಂದು ಗೆರೆ ಕಂಡು, ಅದರ ಜೊತೆ ಹತ್ತಾರು ವರ್ಷ ಇರುವುದು. ಮಾಟಗಾತಿಯ ಕಲೆ ಮಾಡುವವರಿಗೂ ನನಗೆ ಬೇಕಾಗಿರುವುದು ಈ ತಾಳ್ಮೆ. ಟೊಪ್ಪಿ ಮತ್ತು ಹೊಗೆಯಂತ್ರ ಒಂದೇ ಸಂಜೆಗೆ ಸಿಗುತ್ತವೆ.

ಕಾಡುಮಲ್ಲಿಗೆ

ಮೊಹಾಚ್ ಊರಿನ ಬುಶೋ ಮುಖವಾಡಗಳು ಈ ಚರ್ಚೆಗೆ ಬರುತ್ತವಾ? ಫೋಟೋದಲ್ಲಿ ನೋಡಿದರೆ ಭಯಾನಕ.

ತಿಸಾದಂಡೆ

ಅಂಚಿನಲ್ಲಿ ಬರುತ್ತವೆ. ಅದು ಚಳಿಗಾಲವನ್ನು ಓಡಿಸುವ ಹಬ್ಬ, ಅಲ್ಲಿನ ಶೋಕತ್ಸ್ ಕ್ರೊಯೇಷಿಯನ್ ಜನರದು. 2009ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ವಿಲ್ಲೋ ಮರದಲ್ಲಿ ಮುಖವಾಡ ಕೆತ್ತುತ್ತಾರೆ, ಕುರಿ ಚರ್ಮ ಹೊದೆಯುತ್ತಾರೆ. ಮಾಟಗಾತಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಎಲ್ಲ ಭಯಾನಕ ಮುಖಗಳನ್ನೂ ಒಂದೇ ಬುಟ್ಟಿಗೆ ಹಾಕುವುದು ಬೇಡ.

ನಕ್ಷೆಮನೆ

ರಾಜಕೀಯ ಬಿಟ್ಟು ಇದನ್ನು ಮಾತಾಡಲು ಆಗುವುದಿಲ್ಲ. ಹಂಗೇರಿಯಲ್ಲಿ ಜನಪದ ಯಾರ ಕೈಯಲ್ಲಿದೆ ಅನ್ನುವುದು ಪ್ರತಿ ಕಾಲದಲ್ಲೂ ಜಗಳದ ವಿಷಯ. 1972ರಲ್ಲಿ ಬುಡಾಪೆಸ್ಟ್‌ನಲ್ಲಿ ‘ಕುಣಿತದ ಮನೆ’ ಚಳವಳಿ ಶುರುವಾಯಿತು. ನಗರದ ಹುಡುಗ ಹುಡುಗಿಯರು ಹಳ್ಳಿಯ ಕುಣಿತವನ್ನು ವೇದಿಕೆಗೋಸ್ಕರ ಕಲಿಯಲಿಲ್ಲ, ತಾವೇ ಕುಣಿಯಲು ಕಲಿತರು. ಸರ್ಕಾರ ಸಜ್ಜುಗೊಳಿಸಿದ ಜನಪದಕ್ಕೆ ಬೆನ್ನು ತಿರುಗಿಸುವ ಒಂದು ಬಗೆ ಅದು. ಈಗ ರಾಷ್ಟ್ರದ ಹೆಮ್ಮೆ ಅನ್ನುವ ಮಾತಿನ ಜೊತೆ ಅದೇ ಜನಪದ ಸರ್ಕಾರದ ಕೈಗೂ ಬಂದಿದೆ.

ಸಬೋಲ್ಚ್ ಕಿಶ್‌ಪಾಲ್ ಅನ್ನುವ ಕಲಾವಿದರ ‘ಹಂಗೇರಿ ತ್ರಿವಳಿ’ ಅನ್ನುವ ಮೂರು ಭಾಗದ ಕೃತಿ ಇಲ್ಲಿ ಮುಖ್ಯ. ತುರುಲ್ ಅನ್ನುವ ಪುರಾಣದ ಹಕ್ಕಿ ಹೇಗೆ ರಾಷ್ಟ್ರವಾದದ ಗುರುತಾಯಿತು, ಅದರ ಕೆಳಗೆ ಯಾರನ್ನು ಹೊರಗಿಟ್ಟರು ಅಂತ ಅವರು ವಿಡಿಯೋ ಮತ್ತು ಮ್ಯೂಸಿಯಂನಂಥ ಜೋಡಣೆಯಲ್ಲಿ ತೋರಿಸುತ್ತಾರೆ. ಮಾಟಗಾತಿ ಅಲ್ಲಿ ಇಲ್ಲ. ಆದರೆ ಮಸಿಬಟ್ಟಲು ಕೇಳಿದ ಕುರ್ಚಿ ಅಲ್ಲಿದೆ. ನಂಬಿಕೆಯೊಂದು ‘ನಮ್ಮವರು’ ಮತ್ತು ‘ಹೊರಗಿನವರು’ ಅಂತ ಜನರನ್ನು ಹೇಗೆ ಬೇರೆ ಮಾಡುತ್ತದೆ ಅನ್ನುವುದೇ ಅದರ ವಿಷಯ.

ಬುಡಾಪೆಸ್ಟ್‌ನ ಹೊಸ ಜನಾಂಗ ಅಧ್ಯಯನ ಮ್ಯೂಸಿಯಂ 2022ರಲ್ಲಿ ತೆರೆಯಿತು. ಅದರ ಹೊರಮೈ ಜಾಲರಿಯಲ್ಲಿ ಸುಮಾರು ಐದು ಲಕ್ಷ ಪಿಕ್ಸೆಲ್ ಚೌಕಗಳಿವೆ. ಹಂಗೇರಿಯ ಮತ್ತು ಬೇರೆ ದೇಶಗಳ ಕಸೂತಿ, ಚಿತ್ತಾರಗಳನ್ನು ಅದರಲ್ಲಿ ನೇಯ್ದಿದ್ದಾರೆ. ಕಟ್ಟಡ ನನಗೆ ತುಂಬಾ ಇಷ್ಟ. ಆದರೆ ಚಿತ್ತಾರ ಗೋಡೆ ಹತ್ತುವುದು ಸುಲಭ. ಸೆಗೆದ್‌ನ ಮುದುಕ ಗೋಡೆ ಹತ್ತುವುದಿಲ್ಲ.

ಹೂಬಳ್ಳಿ

ನಕ್ಷೆಮನೆ, ನಿಮ್ಮ ಕೊನೆಯ ಸಾಲು ನಾಟಿತು. ಆದರೂ ನನ್ನ ವಾದ ಬಿಡುವುದಿಲ್ಲ. ಝುಝನ್ನಾ ಬುಡಾಪೆಸ್ಟ್ ಅವರನ್ನು ನೋಡಿ. 1940ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, 1956ರ ದಂಗೆಯ ನಂತರ ದೇಶ ಬಿಟ್ಟರು. 1971ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹೆಂಗಸರ ಮಾಟಗಾತಿ ಕೂಟ ಕಟ್ಟಿದರು. 1975ರಲ್ಲಿ ಭವಿಷ್ಯ ಹೇಳಿದ್ದಕ್ಕೆ ಪೊಲೀಸರು ಹಿಡಿದರು. 20ನೇ ಶತಮಾನದ ಅಮೆರಿಕದಲ್ಲಿ! ಅವರ ತಾಯಿ ಮಾಶಿಕಾ ಸಿಲಾಜಿ ಶಿಲ್ಪಿ. ತಾಯಿಯಿಂದಲೇ ಈ ಪರಂಪರೆ ಬಂತು ಅಂತ ಅವರು ಹೇಳುತ್ತಾರೆ. 70ರ ದಶಕದ ಸ್ತ್ರೀವಾದಿ ಲೋಕದಲ್ಲಿ ಮಾಟಗಾತಿಗೆ ಜಾಗ ಸಿಕ್ಕಿದ್ದರಲ್ಲಿ ಹಂಗೇರಿಯಿಂದ ಹೋದ ಈ ಹೆಂಗಸಿನ ಕೈ ಇದೆ.

ದಾಖಲೆಕೋಣೆ

ಅವರ ಪ್ರಭಾವ ನಿಜ. ಆದರೆ ಗುಟ್ಟಾಗಿ ತಲೆಮಾರಿನಿಂದ ತಲೆಮಾರಿಗೆ ಬಂದ ಒಂದು ಮಾಟಗಾತಿ ಧರ್ಮ ಇತ್ತು ಅನ್ನುವುದಕ್ಕೆ ವಿಚಾರಣೆಯ ಕಾಗದಗಳಲ್ಲಿ ಆಧಾರ ಇಲ್ಲ. ಕಾಗದದಲ್ಲಿ ಇರುವುದು ಬೇರೆ ಬೇರೆ ನಂಬಿಕೆಗಳ ಚೂರುಗಳು. ಕ್ರಿಸ್ತನ ಹೆಸರು ಹೇಳಿಯೇ ಮದ್ದು ಕೊಡುತ್ತಿದ್ದ ಹೆಂಗಸರು. ಟ್ರಾನ್ಸ್ ಹೆಂಗಸರನ್ನು ಹೊರಗಿಡುವ ಝುಝನ್ನಾ ಅವರ ನಿಲುವಿಗೆ ಆ ಸಮುದಾಯದೊಳಗೇ ದೊಡ್ಡ ವಿರೋಧ ಬಂತು ಅನ್ನುವುದನ್ನೂ ಸೇರಿಸಬೇಕು. ಯಾರು ಒಳಗೆ, ಯಾರು ಹೊರಗೆ ಅನ್ನುವ ಜಗಳ ಅಲ್ಲಿಗೂ ಬಂತು.

ಹೂಬಳ್ಳಿ ಅವರಿಗೆ ಇಷ್ಟವಾಗಬಹುದಾದ ಒಂದು ಕೆಲಸ ಹೇಳುತ್ತೇನೆ. ದೊಮಿನಿಕಾ ಟ್ರಾಪ್, 1988ರಲ್ಲಿ ಹುಟ್ಟಿದ ಬುಡಾಪೆಸ್ಟ್‌ನ ಕಲಾವಿದೆ. ಜನಪದ ಸಂಗೀತಗಾರರನ್ನೂ ಇವತ್ತಿನ ಪ್ರಯೋಗಶೀಲ ಸಂಗೀತಗಾರರನ್ನೂ ಒಂದೇ ಕಡೆ ಕೂರಿಸಿದ ಯೋಜನೆ ಅವರದು. 2020ರಲ್ಲಿ ತ್ರಾಫೋ ಗ್ಯಾಲರಿಯಲ್ಲಿ ರೈತ ಹೆಂಗಸರ ಬದುಕನ್ನು ವಸ್ತುವಾಗಿಟ್ಟುಕೊಂಡು ಪ್ರದರ್ಶನ ಮಾಡಿದರು. ಹಳ್ಳಿಯ ಹೆಂಗಸಿನ ಮೈ ಮೇಲೆ ಏನೆಲ್ಲ ಭಾರ ಇತ್ತು ಅನ್ನುವ ಕಡೆಗೆ ಅದು ನಮ್ಮನ್ನು ತಿರುಗಿಸುತ್ತದೆ. ವಿಚಾರಣೆಯ ಕಾಗದಗಳಲ್ಲಿ ಬಾಣಂತಿಯರು, ಸೂಲಗಿತ್ತಿಯರು ಯಾಕೆ ಅಷ್ಟು ಜನ ಅಂತ ಅರ್ಥವಾಗಬೇಕಾದರೆ ಇಂಥ ಕೆಲಸ ಬೇಕು.

ಗೆರೆಬಣ್ಣ

2022ರ ವೆನಿಸ್ ಬಿಯೆನಾಲೆಯ ಹಂಗೇರಿ ಪೆವಿಲಿಯನ್, ಅಂದರೆ ಆ ದೇಶದ ಪ್ರದರ್ಶನ ಮಂಟಪದ ಬಗ್ಗೆ ಯಾರಾದರೂ ಬರೆಯಿರಿ. ಝೋಫಿಯಾ ಕೆರೆಸ್ತೆಶ್ ಅವರ ಮೊಸಾಯಿಕ್ ಶಿಲ್ಪಗಳು, ಅಂದರೆ ಬಣ್ಣದ ಸಣ್ಣ ಚೂರುಗಳನ್ನು ಜೋಡಿಸಿದವು. ಮೈಯ ತುಂಡುಗಳು ಸರಪಳಿಯಿಂದ ಕಟ್ಟಿಕೊಂಡ ಹಾಗೆ ಇರುತ್ತವೆ. ಅಲ್ಲಿ ಮಾಟ ಇದೆಯಾ?

ಕಲ್ಲುಬೆಂಚು

ಇಲ್ಲ. ಅದಕ್ಕೆ ಇಟಲಿಯ ರಾವೆನ್ನಾ ಊರಿನ ಮೊಸಾಯಿಕ್‌ಗಳು, ಹತ್ತಿರ ಬಂದರೆ ಚುಚ್ಚುವ, ದೂರ ಹೋದರೆ ಚಳಿಯಾಗುವ ಮುಳ್ಳುಹಂದಿಗಳ ಬಗ್ಗೆ ಜರ್ಮನ್ ತತ್ವಜ್ಞಾನಿ ಶೋಪೆನ್‌ಹೌವರ್ ಹೇಳಿದ ಕಥೆ, ಇವು ಹಿನ್ನೆಲೆ. ಅದ್ಭುತ ಕೆಲಸ. ಹಂಗೇರಿಯ ಕಲಾವಿದೆ ಅಂದ ಕೂಡಲೇ ಜನಪದ ಹುಡುಕುವುದು ಅವರಿಗೆ ಮಾಡುವ ಅನ್ಯಾಯ.

ಮಸಿಬಟ್ಟಲು

ಎಲ್ಲರಿಗೂ ಧನ್ಯವಾದ. ಇಷ್ಟು ಹೊತ್ತು ಓದಿದ ಮೇಲೆ ನನ್ನ ನಿಲುವನ್ನು ಇನ್ನೂ ಗಟ್ಟಿಯಾಗಿ ಹೇಳಬಲ್ಲೆ. ಮಾಟಗಾತಿಯನ್ನು ಶಕ್ತಿಯ ಗುರುತಾಗಿ ಎತ್ತಿಕೊಳ್ಳುವ ಹಕ್ಕು ಹೋರ್ನಾ ಅಂಥವರಿಗೆ ಇದೆ, ಅವರು ಅದಕ್ಕೆ ಬೆಲೆ ಕೊಟ್ಟಿದ್ದಾರೆ. ಆದರೆ ಸುಟ್ಟುಹೋದವರಲ್ಲಿ ಹೆಚ್ಚಿನವರು ಆ ಹೆಸರನ್ನು ಕೇಳಿ ಪಡೆದವರಲ್ಲ. ತಾನು ಮಾಟಗಾತಿ ಅಲ್ಲ ಅಂತ ಕೂಗುತ್ತಾ ಸತ್ತ ಹೆಂಗಸನ್ನು ಇವತ್ತು ನಾವು ‘ನೀನು ಮಾಟಗಾತಿಯೇ, ಅದೇ ನಿನ್ನ ಹೆಮ್ಮೆ’ ಅಂದರೆ, ಅವಳ ಮಾತನ್ನು ಎರಡನೆಯ ಸಲ ತಳ್ಳಿಹಾಕಿದ ಹಾಗಾಗುತ್ತದೆ. ಹಂಗೇರಿಯ ವಿಷಯದಲ್ಲಿ ಕೆಲಸ ಮಾಡುವ ಕಲಾವಿದರು ಇದನ್ನು ಮರೆಯಬಾರದು ಅನ್ನುವುದಷ್ಟೇ ನನ್ನ ಆಸೆ.

ನಾನೇ ಮಾಡುವುದಾದರೆ ಚರ್ಚಿನ ಆ ಕುರ್ಚಿಯನ್ನು ದಿನಕ್ಕೊಂದು ಚೂರಿನ ಹಾಗೆ ಎಲ್ಲರ ಮುಂದೆ ಮಾಡಿಸುತ್ತಿದ್ದೆ. ಕೊನೆಯ ದಿನ ನೋಡಲು ಬಂದವರು ಕೂರಬಹುದು. ಕೂತಾಗ ಸಾಕ್ಷಿಗಳ ಮಾತು ಕೇಳಿಸಬೇಕು. ‘ಅವಳು ನಮ್ಮ ಮನೆ ಮುಂದೆ ಹೋದಳು, ಮಾರನೇ ದಿನ ಕರು ಸತ್ತಿತು’ ಅನ್ನುವಂಥ ಮಾತು. ಅಷ್ಟು ಸಾದಾ ಮಾತು.

ಹೂಬಳ್ಳಿ

ಸಾಕ್ಷಿಗಳ ಮಾತು ಮಾತ್ರ ಕೇಳಿಸಿದರೆ ಅಲ್ಲಿ ಮತ್ತೆ ಆರೋಪ ಹೊರಿಸಿದವರದ್ದೇ ದನಿ. ಆ ಹೆಂಗಸು ಮತ್ತೆ ಮಾತಿಲ್ಲದವಳು. ನಾನು ಆಗಿದ್ದರೆ ಸೂಲಗಿತ್ತಿಯ ಕಡೆಯಿಂದ ಶುರು ಮಾಡುತ್ತಿದ್ದೆ. ಅವಳ ಕೈ, ಅವಳು ಹೆರಿಗೆ ಮಾಡಿಸಿದ ಮಕ್ಕಳು, ಬೇರು ಅರೆದ ಕಲ್ಲು. ಆ ಮಕ್ಕಳಲ್ಲೇ ಒಬ್ಬ ಬೆಳೆದು ಅವಳ ವಿರುದ್ಧ ಸಾಕ್ಷಿ ಹೇಳಲು ಬಂದಿರಬಹುದಲ್ವಾ?

ದಾಖಲೆಕೋಣೆ

ಇಬ್ಬರ ಕೆಲಸಕ್ಕೂ ಒಂದು ಎಚ್ಚರ. ಆರೋಪಿಯ ಮಾತು ಅಂತ ಕಾಗದದಲ್ಲಿ ಇರುವುದು ಬಹಳ ಸಲ ಹಿಂಸೆ ಕೊಟ್ಟ ಮೇಲೆ ಹೊರಟ ಮಾತು, ಅದೂ ಗುಮಾಸ್ತ ಬರೆದುಕೊಂಡಷ್ಟು. ಸಾಕ್ಷಿಗಳ ಮಾತು ಹಿಂಸೆಯಿಲ್ಲದೆ ಬಂದದ್ದು, ಹಾಗಾಗಿ ಅದರಲ್ಲಿ ಊರಿನ ದಿನದ ಬದುಕು ಜಾಸ್ತಿ ಕಾಣುತ್ತದೆ. ಹೂಬಳ್ಳಿ ಹೇಳುವ ಸೂಲಗಿತ್ತಿಯ ಕೈಯನ್ನು ಕಾಗದದಿಂದ ತೆಗೆಯಲು ಆಗುವುದಿಲ್ಲ. ಅದನ್ನು ಕಲ್ಪಿಸಿಯೇ ಮಾಡಬೇಕು. ಕಲ್ಪಿಸಿದ್ದು ಅಂತ ನೋಡುವವರಿಗೆ ಗೊತ್ತಾಗುವ ಹಾಗೆ ಮಾಡಿದರೆ ನನ್ನ ತಕರಾರಿಲ್ಲ.

ತಿಸಾದಂಡೆ

ಯಾರಾದರೂ ಇದನ್ನು ನಿಜವಾಗಿ ಮಾಡಲು ಹೊರಟರೆ ನನಗೆ ತಿಳಿಸಿ. ದ್ವೀಪದ ಹತ್ತಿರ ಸಂಜೆ ಹೊತ್ತು ನದಿಯ ಸದ್ದು ರೆಕಾರ್ಡ್ ಮಾಡಿ ಕಳಿಸುತ್ತೇನೆ. ವಿಚಾರಣೆಯ ಬಗ್ಗೆ ಹಂಗೇರಿಯನ್ ಭಾಷೆಯಲ್ಲಿ ಇರುವುದನ್ನು ಓದಿ ಹೇಳಲು ಇಲ್ಲಿಯ ಗೆಳೆಯರನ್ನು ಕೇಳಬಲ್ಲೆ. ಒಂದೇ ಒಂದು ಷರತ್ತು. ದಾನಿಯೆಲ್ ರೋಝಾ ಹೆಸರು ಅದರಲ್ಲಿ ಇರಬೇಕು.